ಓಲ್ಡ್ ಗೋವಾ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು?

ಗೋವಾ ಟೂರ್ ಬಸ್ಸುಗಳು ಓಲ್ಡ್ ಗೋವಾದಲ್ಲಿ ನಿಲ್ಲುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅಷ್ಟರಲ್ಲಿ ಬಾಮ್ ಜೀಸಸ್ ಚರ್ಚಿನ ಒಳಗೆ ಒಂದು ಸುತ್ತು ಹಾಕಿ, ರಸ್ತೆ ದಾಟಿ ಸೆ ಕ್ಯಾಥೆಡ್ರಲ್ ಮುಂದೆ ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಎಲ್ಲರೂ ಮತ್ತೆ ಬಸ್ ಹತ್ತುತ್ತಾರೆ. ಎರಡೂ ನೋಡಲೇಬೇಕಾದ ಕಟ್ಟಡಗಳೇ. ಆದರೆ ಇವೆರಡನ್ನೇ ನೋಡಿದವರಿಗೆ ಇಲ್ಲಿ ಒಂದು ದೊಡ್ಡ ಊರಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಹುಲ್ಲುಹಾಸಿನ ನಡುವೆ ಅಲ್ಲೊಂದು ಇಲ್ಲೊಂದು ಚರ್ಚ್ ಇದೆ, ಅಷ್ಟೇ ಅನ್ನಿಸುತ್ತದೆ.

ಆ ಹುಲ್ಲುಹಾಸಿನ ಜಾಗದಲ್ಲಿ ಒಂದು ಕಾಲಕ್ಕೆ ಬೀದಿಗಳಿದ್ದವು, ಅಂಗಡಿಗಳಿದ್ದವು, ಸಾವಿರಾರು ಮನೆಗಳಿದ್ದವು. ಪೋರ್ಚುಗೀಸರಿಗಿಂತ ಮೊದಲು ಇದು ನಮ್ಮ ವಿಜಯಪುರದ ಆದಿಲ್ ಶಾಹಿಗಳ ಬಂದರು. ಹೊನ್ನಾವರದ ಕಡೆಯ ಹಡಗುಪಡೆಯ ನಾಯಕ ತಿಮ್ಮೋಜನ ನೆರವಿನಿಂದ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ 1510ರ ಮಾರ್ಚ್‌ನಲ್ಲಿ ಇದನ್ನು ಹಿಡಿದ. ಎರಡೇ ತಿಂಗಳಲ್ಲಿ ಆದಿಲ್ ಶಾಹಿ ಸೇನೆ ಬಂದು ಓಡಿಸಿತು. ನವೆಂಬರ್ 25ಕ್ಕೆ ಅವನು ಮತ್ತೆ ಗೆದ್ದ. 1530ರಿಂದ ಪೂರ್ವದ ಇಡೀ ಪೋರ್ಚುಗೀಸ್ ಆಡಳಿತಕ್ಕೆ ಇದೇ ರಾಜಧಾನಿ. ಆಮೇಲೆ ಕಾಲರಾ ಬಂತು, ಮಲೇರಿಯಾ ಬಂತು, ಸಮುದ್ರ ವ್ಯಾಪಾರವನ್ನು ಡಚ್ಚರು ಕಸಿದುಕೊಂಡರು. 1759ರಲ್ಲಿ ವೈಸರಾಯ್ ಪಣಜಿಗೆ ಮನೆ ಬದಲಿಸಿದ. 1843ರಲ್ಲಿ ರಾಜಧಾನಿಯೇ ಅಧಿಕೃತವಾಗಿ ಅಲ್ಲಿಗೆ ಹೋಯಿತು. ಇಲ್ಲಿಯ ಕಟ್ಟಡಗಳ ಕಲ್ಲು ಕಿತ್ತು ಪಣಜಿ ಕಟ್ಟಲು ಸಾಗಿಸಿದರು. ಕೊನೆಗೆ ಉಳಿದದ್ದು ಹೆಚ್ಚಾಗಿ ಚರ್ಚುಗಳೇ. 1986ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹಾಗಾಗಿ ಇಲ್ಲಿ ಆರಿಸಿಕೊಳ್ಳುವಾಗ "ಯಾವ ಚರ್ಚ್ ಚೆಂದ" ಅಂತ ನೋಡಿದರೆ ಸಾಲದು. ಇರುವ ಸಮಯದಲ್ಲಿ ಊರು ಹೇಗಿತ್ತು, ಹೇಗೆ ಹೋಯಿತು ಅನ್ನುವುದು ಎಲ್ಲಿ ಕಣ್ಣಿಗೆ ಕಾಣುತ್ತದೋ ಅಲ್ಲಿಗೆ ಹೋಗಬೇಕು. ನನ್ನ ಲೆಕ್ಕದಲ್ಲಿ ಕನಿಷ್ಠ ಮೂರು ಕಡೆ ಕಾಲಿಡಬೇಕು: ನಡುವಿನ ಚೌಕ, ನದಿಯ ದಂಡೆ, ಪಶ್ಚಿಮದ ಗುಡ್ಡ. ಮೂರೂ ನಡೆದೇ ಹೋಗುವಷ್ಟು ಹತ್ತಿರ ಇವೆ.

ಬಾಮ್ ಜೀಸಸ್ಸೋ, ಸೆ ಕ್ಯಾಥೆಡ್ರಲ್ಲೋ?

ಎದುರುಬದುರು ಇರುವುದರಿಂದ ಎರಡನ್ನೂ ನೋಡಬಹುದು. ಆದರೆ ಸಮಯ ಎಲ್ಲಿ ಜಾಸ್ತಿ ಕೊಡಬೇಕು ಅನ್ನುವುದೇ ಪ್ರಶ್ನೆ. ನನ್ನ ಉತ್ತರ ಬಾಮ್ ಜೀಸಸ್, ಅದರಲ್ಲೂ ಅದರ ಹೊರಗೋಡೆ.

ಜೆಸ್ವಿಟ್ ಪಾದ್ರಿಗಳು 1594ರಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. 1605ರಲ್ಲಿ ಚರ್ಚ್ ಪೂಜೆಗೆ ತೆರೆಯಿತು. ಸುತ್ತಲಿನ ಚರ್ಚುಗಳೆಲ್ಲ ಬೆಳ್ಳಗಿದ್ದರೆ ಇದೊಂದು ಮಾತ್ರ ಕೆಂಪಗೆ ನಿಂತಿದೆ. ಹತ್ತಿರ ಹೋಗಿ ನೋಡಿ, ಅದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಕಲ್ಲು. ಮಂಗಳೂರಿನವರು ಕೆಂಪುಕಲ್ಲು, ಮುರಕಲ್ಲು ಅನ್ನುತ್ತಾರೆ. ಉತ್ತರ ಕನ್ನಡದಲ್ಲಿ ಚಿರೆಕಲ್ಲು. ಮೈಯೆಲ್ಲ ತೂತು ತೂತು, ಬೆರಳಿಟ್ಟರೆ ಕೆಂಪು ಪುಡಿ ಅಂಟುತ್ತದೆ. ಕೆತ್ತನೆಗೆ ಇದು ಬರುವುದಿಲ್ಲ. ಅದಕ್ಕೇ ಕಂಬ, ಕಿಟಕಿ ಚೌಕಟ್ಟು, ಕೆತ್ತನೆಯ ಪಟ್ಟಿಗಳಿಗೆ ಮುಂಬಯಿ ಹತ್ತಿರದ ವಸಾಯಿಯಿಂದ ಗಟ್ಟಿ ಕಪ್ಪುಕಲ್ಲು ತರಿಸಿದರು. ಎರಡು ಕಲ್ಲೂ ಕೂಡುವ ಅಂಚು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕಪ್ಪುಕಲ್ಲಿನ ಗೆರೆ ಇನ್ನೂ ಚೂಪಾಗಿದೆ, ಪಕ್ಕದ ಕೆಂಪುಕಲ್ಲಿನ ಮೂಲೆ ಸವೆದು ಗುಂಡಗಾಗಿದೆ.

ಈ ಗೋಡೆಗೂ ಮೊದಲು ಗಾರೆ ಇತ್ತು. 1950ರ ದಶಕದಲ್ಲಿ, "ಹಳೆಯದಾಗಿ ಕಾಣಲಿ" ಅನ್ನುವ ಯೋಚನೆಯಿಂದ, ಪೋರ್ಚುಗೀಸ್ ಆಡಳಿತದ ದುರಸ್ತಿ ಕೆಲಸದವರೇ ಅದನ್ನು ಕಿತ್ತು ಹಾಕಿದರು. ಆವತ್ತಿನಿಂದ ಗೋವಾದ ಮಳೆ ನೇರವಾಗಿ ಕಲ್ಲಿಗೆ ಬಡಿಯುತ್ತಿದೆ. ಮುರಕಲ್ಲಿನ ಮನೆಯಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಾರೆ ಮತ್ತೆ ಹಾಕಬೇಕು ಅನ್ನುವವರಿದ್ದಾರೆ, ಜನರಿಗೆ ಪರಿಚಯವಾದ ಕೆಂಪು ರೂಪವೇ ಇರಲಿ ಅನ್ನುವವರೂ ಇದ್ದಾರೆ. ನಾನು ಗಾರೆಯ ಪರ. ಫೋಟೋದಲ್ಲಿ ಚೆಂದ ಕಾಣಲಿ ಅಂತ 400 ವರ್ಷದ ಗೋಡೆಯನ್ನು ನೆನೆಯಲು ಬಿಡುವುದು ಸರಿಯಲ್ಲ.

ಒಳಗೆ ಎಲ್ಲರೂ ಹುಡುಕುವುದು ಕ್ರೈಸ್ತ ಧರ್ಮ ಪ್ರಚಾರಕ್ಕೆ ಬಂದಿದ್ದ ಜೆಸ್ವಿಟ್ ಪಾದ್ರಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶರೀರವನ್ನು. ಅವರು ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಶರೀರ ಗೋವಾ ತಲುಪಿದ್ದು 1554ರಲ್ಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬೆಳ್ಳಿಯ ಪೆಟ್ಟಿಗೆ ತುಂಬಾ ಎತ್ತರದಲ್ಲಿದೆ. ಕೆಳಗೆ ನಿಂತವರಿಗೆ ಶರೀರ ಸರಿಯಾಗಿ ಕಾಣುವುದಿಲ್ಲ. 10 ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ, ದರ್ಶನಕ್ಕೆಂದು ಸೆ ಕ್ಯಾಥೆಡ್ರಲ್‌ಗೆ ಕೊಂಡೊಯ್ಯುತ್ತಾರೆ. ಕಳೆದ ದರ್ಶನ ನಡೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಉಳಿದ ದಿನಗಳಲ್ಲಿ ಹೋದವರು ಪೆಟ್ಟಿಗೆಯ ಕೆಳಗಿನ ಸಮಾಧಿಪೀಠ ನೋಡಿ. ಇಟಲಿಯ ಟಸ್ಕನಿಯ ದೊರೆ ಮೂರನೇ ಕೊಸಿಮೊ ಮೆಡಿಚಿ ಕೊಟ್ಟ ಉಡುಗೊರೆ ಅದು. ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿ ಅದಕ್ಕೆ ಸುಮಾರು 10 ವರ್ಷ ತೆಗೆದುಕೊಂಡ. 1698ರಲ್ಲಿ ಇಲ್ಲಿಗೆ ತಂದು ಜೋಡಿಸಿದರು. ಅದರ ಮೇಲಿನ ಬೆಳ್ಳಿ ಪೆಟ್ಟಿಗೆ ಮಾತ್ರ ಗೋವಾದ ಅಕ್ಕಸಾಲಿಗರ ಕೈಕೆಲಸ, 1630ರ ದಶಕದ್ದು. ನನಗೆ ಇಟಲಿಯ ಅಮೃತಶಿಲೆಗಿಂತ ಆ ಬೆಳ್ಳಿ ಕೆಲಸವೇ ಹೆಚ್ಚು ಇಷ್ಟ.

ಸೆ ಕ್ಯಾಥೆಡ್ರಲ್ ಬೇರೆಯದೇ ಜಾತಿ. 1562ರಲ್ಲಿ ಶುರುವಾದ ಕಟ್ಟಡ 1619ರ ಹೊತ್ತಿಗೆ ಮುಗಿಯಿತು. ಒಳಗಿನ ಬಲಿಪೀಠಗಳ ಕೆಲಸ 1652ರವರೆಗೂ ನಡೆಯಿತು. ಉದ್ದ 76 ಮೀಟರ್, ಏಷ್ಯಾದ ಅತಿ ದೊಡ್ಡ ಚರ್ಚುಗಳಲ್ಲಿ ಒಂದು. ಎರಡು ಗೋಪುರ ಇದ್ದವು, 1776ರಲ್ಲಿ ಒಂದು ಬಿತ್ತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಕಟ್ಟುವಷ್ಟು ಹಣ, ಹುಮ್ಮಸ್ಸು ಆಗ ಈ ಊರಿಗೆ ಉಳಿದಿರಲಿಲ್ಲ. ಉಳಿದ ಗೋಪುರದಲ್ಲಿ "ಚಿನ್ನದ ಗಂಟೆ" ಅಂತ ಹೆಸರಾದ ದೊಡ್ಡ ಗಂಟೆ ಇದೆ. ಒಳಗೆ ಚಿನ್ನದ ಲೇಪದ ಮುಖ್ಯ ಬಲಿಪೀಠ ಸಂತ ಕ್ಯಾಥರೀನಳದ್ದು. ಆಲ್ಬುಕರ್ಕ್ ಊರು ಗೆದ್ದ ದಿನ ಅವಳ ಹಬ್ಬವಿತ್ತು, ಅದಕ್ಕೇ ಚರ್ಚೂ ಅವಳ ಹೆಸರಿಗೆ.

ಜನಜಂಗುಳಿ ಆಗದವರು, ವಯಸ್ಸಾದವರು ಜೊತೆಗಿದ್ದರೆ ಸೆ ಕ್ಯಾಥೆಡ್ರಲ್‌ನಲ್ಲೇ ಸ್ವಲ್ಪ ಹೊತ್ತು ಕೂರಿ. ಒಳಗೆ ತಂಪು, ಜಾಗ ವಿಶಾಲ, ಬಾಮ್ ಜೀಸಸ್‌ನಷ್ಟು ನೂಕುನುಗ್ಗಲು ಇರುವುದಿಲ್ಲ.

ಮ್ಯೂಸಿಯಂ ನೋಡುವುದಿದ್ದರೆ

ಎರಡಿವೆ. ಸೆ ಕ್ಯಾಥೆಡ್ರಲ್ ಬೆನ್ನಿಗೇ ಇರುವ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿನ ಮಠದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ. ಗುಡ್ಡದ ಮೇಲೆ, ಸೇಂಟ್ ಮೋನಿಕಾ ಕಾನ್ವೆಂಟಿನಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ.

ಕನ್ನಡಿಗರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಅಲ್ಲಿ ಪೋರ್ಚುಗೀಸ್ ವೈಸರಾಯ್‌ಗಳ ಸಾಲು ಸಾಲು ಚಿತ್ರಗಳ ಜೊತೆಗೆ ಗೋವಾದ ಕದಂಬರ ಕಾಲದ ಶಿಲ್ಪಗಳಿವೆ, ವೀರಗಲ್ಲುಗಳಿವೆ. ಪೋರ್ಚುಗೀಸರು ಬರುವ ಮೊದಲು ಈ ನೆಲ ಯಾರದಾಗಿತ್ತು ಅನ್ನುವುದು ಓಲ್ಡ್ ಗೋವಾದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ನಮ್ಮೂರಿನ ಕೆರೆಯ ಏರಿ ಮೇಲೆ, ದೇವಸ್ಥಾನದ ಮುಂದೆ ನಿಂತಿರುವಂಥದೇ ವೀರಗಲ್ಲು, ಗಡ್ಡದ ವೈಸರಾಯ್‌ಗಳ ಜೊತೆ ಒಂದೇ ಸೂರಿನಡಿ ಇದೆ. ಪಕ್ಕದ ಚರ್ಚನ್ನೂ ಬಿಡಬೇಡಿ. ಈಗಿನ ಕಟ್ಟಡ 1661ರದ್ದು, ಆದರೆ ಬಾಗಿಲು ಮಾತ್ರ ಮೊದಲಿದ್ದ ಹಳೆಯ ಚರ್ಚಿನದು. ಹಗ್ಗ ಹೊಸೆದಂತೆ ಕೆತ್ತಿದ ಕಪ್ಪುಕಲ್ಲಿನ ಬಾಗಿಲುವಾಡ. ಹಡಗಿನವರ ದೇಶದ ಕೆತ್ತನೆ ಅದು. ಒಳಗೆ ನೆಲವೆಲ್ಲ ಗೋರಿಕಲ್ಲು, ಮನೆತನದ ಲಾಂಛನ ಕೆತ್ತಿದ್ದು. ಅದರ ಮೇಲೇ ನಡೆದು ಹೋಗಬೇಕು.

ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಶುಕ್ರವಾರವೇ ಹೋಗುವವರು ಗುಡ್ಡದ ಮೇಲಿನ ಮ್ಯೂಸಿಯಂ ಆರಿಸಿಕೊಳ್ಳಿ. ದಂತ, ಬೆಳ್ಳಿ, ಮರದ ಕೆತ್ತನೆಯಲ್ಲಿ ಆಸಕ್ತಿ ಇದ್ದವರಿಗೂ ಅದೇ ಸರಿ. ಕ್ರಿಸ್ತನ ಕಥೆಯನ್ನು ಇಲ್ಲಿಯ ಕುಶಲಕರ್ಮಿಗಳು ತಮ್ಮ ಕೈಚಳಕದಲ್ಲಿ ಹೇಗೆ ಕೆತ್ತಿದರು ಅನ್ನುವುದು ಅಲ್ಲಿ ಕಾಣುತ್ತದೆ.

ನದಿ ದಂಡೆ: ಕಮಾನು ಮತ್ತು ಒಂಟಿ ಬಾಗಿಲು

ಮಾಂಡೋವಿ ದಂಡೆಗೆ ಹೋಗುವ ದಾರಿಯಲ್ಲಿ ವೈಸರಾಯ್ ಕಮಾನು ಇದೆ. ವಾಸ್ಕೋ ಡ ಗಾಮಾ ಬಂದು 100 ವರ್ಷವಾದ ನೆನಪಿಗೆ ಅವನ ಮರಿಮಗ, ವೈಸರಾಯ್ ಫ್ರಾನ್ಸಿಸ್ಕೊ ಡ ಗಾಮಾ ಕಟ್ಟಿಸಿದ್ದು. ಹೊಸ ವೈಸರಾಯ್ ಹಡಗಿನಿಂದ ಇಳಿದು ಈ ಕಮಾನಿನಡಿಯಲ್ಲೇ ಊರೊಳಗೆ ಬರುತ್ತಿದ್ದ. ಈಗ ನಿಂತಿರುವುದು ಅಸಲಿಯಲ್ಲ, ಕುಸಿದ ಮೇಲೆ 1954ರಲ್ಲಿ ಮತ್ತೆ ಕಟ್ಟಿದ್ದು. ಹಾಗಾಗಿ ಕಟ್ಟಡ ಅಂತ ನೋಡಿದರೆ ಬಿಟ್ಟರೂ ನಷ್ಟವಿಲ್ಲ. ಆದರೆ ಊರು ಅರ್ಥವಾಗಬೇಕಿದ್ದರೆ ಇಲ್ಲಿ ಐದು ನಿಮಿಷ ನಿಲ್ಲಿ. ನದಿಗೆ ಬೆನ್ನು ಹಾಕಿ ನೋಡಿದರೆ ಎದುರಿಗಿರುವ ದಾರಿಯೇ ಆಗಿನ ಪೇಟೆ ಬೀದಿಯ ಶುರು. ಅರಬ್ಬೀ ಕುದುರೆ, ಬಟ್ಟೆ, ಮುತ್ತು, ಗುಲಾಮರು, ಎಲ್ಲದರ ಹರಾಜೂ ಅಲ್ಲೇ ನಡೆಯುತ್ತಿತ್ತು. ಆ ಕುದುರೆಗಳಿಗೆ ದೊಡ್ಡ ಗಿರಾಕಿ ನಮ್ಮ ವಿಜಯನಗರ. 1565ರ ಯುದ್ಧದಲ್ಲಿ ಹಂಪಿ ಹಾಳಾದಾಗ ಇಲ್ಲಿಯ ವ್ಯಾಪಾರಕ್ಕೂ ಏಟು ಬಿತ್ತು.

ಅಲ್ಲಿಂದ ಸ್ವಲ್ಪ ನಡೆದರೆ ಸೇಂಟ್ ಕಜೆಟನ್ ಚರ್ಚ್. 17ನೇ ಶತಮಾನದಲ್ಲಿ ಇಟಲಿಯ ಪಾದ್ರಿಗಳು ಕಟ್ಟಿದ್ದು, ರೋಮ್‌ನ ಸೇಂಟ್ ಪೀಟರ್ಸ್ ಮಾದರಿಯಲ್ಲಿ. ಅವರು ಹೊರಟಿದ್ದು ಗೋಲ್ಕೊಂಡಕ್ಕೆ. ಅಲ್ಲಿ ಸೇರಿಸಿಕೊಳ್ಳದ್ದರಿಂದ ಗೋವಾದಲ್ಲಿ ನೆಲೆ ನಿಂತರು. ದೊಡ್ಡ ಗುಮ್ಮಟ, ಅದರ ಕೆಳಗೆ ನೆಲದಲ್ಲಿ ಮುಚ್ಚಿದ ಬಾವಿ. ಮಕ್ಕಳಿಗೆ ಈ ಬಾವಿ ತೋರಿಸಿ, ಅವರಿಗೆ ಉಳಿದದ್ದು ಮರೆತರೂ ಇದು ನೆನಪಿರುತ್ತದೆ. ಸಾಮಾನ್ಯವಾಗಿ ಇಲ್ಲಿ ಜನ ಕಡಿಮೆ.

ಆದರೆ ನಾನು ಕಜೆಟನ್ ಕಡೆಗೆ ಹೋಗಿ ಅನ್ನುವುದು ಚರ್ಚಿಗಾಗಿ ಅಲ್ಲ. ಅದರ ಮುಂದಿನ ಅಂಗಳದಲ್ಲಿ ಒಂದು ಒಂಟಿ ಬಾಗಿಲು ನಿಂತಿದೆ. ಗೋಡೆ ಇಲ್ಲ, ಮನೆ ಇಲ್ಲ. ಕೆಲವು ಮೆಟ್ಟಿಲು, ಎರಡು ಕಪ್ಪುಕಲ್ಲಿನ ಕಂಬ, ಮೇಲೊಂದು ಅಡ್ಡತೊಲೆ. ಆದಿಲ್ ಶಾಹಿ ಅರಮನೆಯಲ್ಲಿ ಉಳಿದದ್ದು ಇಷ್ಟೇ ಅನ್ನುತ್ತಾರೆ. ಕಂಬದ ಪಕ್ಕದ ಕೆತ್ತನೆ ಮುಟ್ಟಿ ನೋಡಿದರೆ ಸುಲ್ತಾನರ ಅರಮನೆಗಿಂತ ನಮ್ಮ ಹಳೆಯ ದೇವಸ್ಥಾನದ ಬಾಗಿಲುವಾಡವೇ ನೆನಪಾಗುತ್ತದೆ. ವಿಜಯಪುರದಲ್ಲಿ ಗೋಲಗುಂಬಜ್ ನೋಡಿ ಬಂದವರು ಈ ಬಾಗಿಲ ಮುಂದೆ ಒಂದು ಸಲ ನಿಲ್ಲಲೇಬೇಕು. ಅದೇ ಮನೆತನದ್ದು ಇದು. ಟೂರ್ ಬಸ್ಸಿನವರು ಇದನ್ನು ತೋರಿಸುವುದು ಕಡಿಮೆ.

ಗುಡ್ಡದ ಮೇಲೆ: ಇದನ್ನು ಮಾತ್ರ ಬಿಡಬೇಡಿ

ಬಾಮ್ ಜೀಸಸ್‌ನಿಂದ ಪಶ್ಚಿಮಕ್ಕೆ ಗುಡ್ಡ ಹತ್ತಿದರೆ ಹತ್ತು ನಿಮಿಷದಲ್ಲಿ ಸೇಂಟ್ ಆಗಸ್ಟಿನ್ ಚರ್ಚಿನ ಅವಶೇಷ. ಕೈಯಲ್ಲಿ ಒಂದೇ ಗಂಟೆ ಇದ್ದರೆ ಅರ್ಧ ಬಾಮ್ ಜೀಸಸ್‌ಗೆ, ಇನ್ನರ್ಧ ಇದಕ್ಕೆ ಕೊಡಿ ಅನ್ನುತ್ತೇನೆ. ಸೆ ಕ್ಯಾಥೆಡ್ರಲನ್ನು ಹೊರಗಿಂದ ನೋಡಿದರೂ ನಡೆಯುತ್ತದೆ.

ಯಾಕೆಂದರೆ ಊರು ಬಿದ್ದದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. 1602ರಲ್ಲಿ ಮುಗಿದ ಈ ಚರ್ಚ್ ತನ್ನ ಕಾಲದಲ್ಲಿ ಗೋವಾದ ಭಾರೀ ಕಟ್ಟಡಗಳಲ್ಲಿ ಒಂದು. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಸನ್ಯಾಸಿ ಸಂಘಗಳನ್ನು ಮುಚ್ಚಿಸಿತು. ಆಗಸ್ಟೀನಿಯನ್ ಪಾದ್ರಿಗಳು ಹೊರಟುಹೋದರು. ನೋಡುವವರಿಲ್ಲದೆ ಮಳೆ ನೀರು ಒಳಗಿಳಿಯಿತು. 1842ರಲ್ಲಿ ಛಾವಣಿಯ ಕಮಾನು ಕುಸಿಯಿತು. 1931ರಲ್ಲಿ ಮುಂಭಾಗ ಬಿತ್ತು. 1938ರಲ್ಲಿ ಇನ್ನಷ್ಟು. ಈಗ 46 ಮೀಟರ್ ಎತ್ತರದ ಅರ್ಧ ಗೋಪುರ ಒಂದೇ ನಿಂತಿದೆ. ಪದರ ಪದರವಾಗಿ ಕೆಂಪುಕಲ್ಲು, ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಮುರಿದ ಹಾಗೇ ಬಿಟ್ಟದ್ದು. ಬುಡದಲ್ಲಿ ನಿಂತು ತಲೆ ಎತ್ತಿದರೆ ಮುರಕಲ್ಲಿನಲ್ಲಿ ಇಷ್ಟು ಎತ್ತರ ಕಟ್ಟಿದ ಧೈರ್ಯಕ್ಕೆ ಆಶ್ಚರ್ಯವಾಗುತ್ತದೆ. ಒಳಗೆ ಚರ್ಚಿನ ನೆಲ ಹಾಗೇ ಇದೆ: ಗೋರಿಕಲ್ಲುಗಳು, ಬಲಿಪೀಠಗಳ ಬುಡ, ಗೋಡೆಯಲ್ಲಿ ಅಲ್ಲಲ್ಲಿ ಬಣ್ಣದ ಹೆಂಚಿನ ಬಿಲ್ಲೆಗಳು. ಇದರ ದೊಡ್ಡ ಗಂಟೆ ಈಗ ಪಣಜಿಯಲ್ಲಿ, ಮೆಟ್ಟಿಲುಗಳ ಮೇಲೆ ಬೆಳ್ಳಗೆ ನಿಂತಿರುವ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನಲ್ಲಿದೆ.

ಇಲ್ಲಿ ಇನ್ನೊಂದು ಕಥೆಯೂ ಇದೆ. ಜಾರ್ಜಿಯಾದ ಕಾಖೇತಿ ಸೀಮೆಯ ರಾಣಿ ಕೆತೇವಾನ್‌ಳನ್ನು 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಕೊಂದರು. ಆಗಸ್ಟೀನಿಯನ್ ಪಾದ್ರಿಗಳು ಅವಳ ಎಲುಬುಗಳಲ್ಲಿ ಕೆಲವನ್ನು ಗೋವಾಕ್ಕೆ ತಂದು ಇದೇ ಮಠದಲ್ಲಿ ಇಟ್ಟರು. ಮಠ ಬಿದ್ದ ಮೇಲೆ ಆ ಎಲುಬುಗಳು ಎಲ್ಲಿವೆ ಅನ್ನುವುದೇ ಮರೆತುಹೋಯಿತು. ಪುರಾತತ್ವ ಇಲಾಖೆಯವರು ಅಗೆದಾಗ ಎಲುಬು ಸಿಕ್ಕಿತು. ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದರು. 2021ರಲ್ಲಿ ಭಾರತ ಸರ್ಕಾರ ಅದನ್ನು ಜಾರ್ಜಿಯಾಕ್ಕೆ ಉಡುಗೊರೆಯಾಗಿ ಕೊಟ್ಟಿತು. ಗೈಡ್ ಇಟ್ಟುಕೊಳ್ಳುವುದಿದ್ದರೆ ಇಲ್ಲಿಗೆ ಇಟ್ಟುಕೊಳ್ಳಿ, ಆ ಜಾಗವನ್ನು ಬೆರಳಿಟ್ಟು ತೋರಿಸುತ್ತಾರೆ.

ಇನ್ನೂ ಸ್ವಲ್ಪ ಮುಂದೆ, ಗುಡ್ಡದ ಅಂಚಿನಲ್ಲಿ ರೋಸರಿ ಚರ್ಚ್. 1540ರ ದಶಕದ್ದು, ಓಲ್ಡ್ ಗೋವಾದಲ್ಲಿ ಇವತ್ತಿಗೂ ನಿಂತಿರುವ ಹಳೆಯ ಚರ್ಚುಗಳಲ್ಲಿ ಒಂದು. ಚಿನ್ನ, ಆಡಂಬರ ಏನೂ ಇಲ್ಲ. ಮೂಲೆಗಳಲ್ಲಿ ದುಂಡು ಬುರುಜು, ಚಿಕ್ಕ ಕಿಟಕಿ, ನೋಡಲು ಕೋಟೆಯ ಹಾಗೇ ಇದೆ. ಆಲ್ಬುಕರ್ಕ್ ಇದೇ ಗುಡ್ಡದಿಂದ ಯುದ್ಧ ನೋಡಿದ ಅನ್ನುತ್ತಾರೆ. ಒಳಗೆ ಗವರ್ನರ್ ಗಾರ್ಸಿಯಾ ಡಿ ಸಾನ ಹೆಂಡತಿ ಕ್ಯಾಟರೀನಾಳ ಗೋರಿ ಇದೆ, ಅದರ ಕೆತ್ತನೆ ಗುಜರಾತಿನ ಶೈಲಿಯದ್ದು. ಆಗಸ್ಟಿನ್‌ಗೆ ಬಂದವರು ಇದನ್ನೂ ನೋಡಿ, ನಡುವೆ ಇರುವುದು ಕೆಲವೇ ಹೆಜ್ಜೆ. ಎರಡರಲ್ಲಿ ಒಂದೇ ಅಂದರೆ ಆಗಸ್ಟಿನ್. ಸುಮ್ಮನೆ ಕೂತು ನದಿ ನೋಡಬೇಕು ಅಂದರೆ ರೋಸರಿ.

ಪೂರ್ವದ ಗುಡ್ಡದ ಮೇಲಿನ ಮೌಂಟ್ ಚಾಪೆಲ್ ಬಗ್ಗೆ ಕೇಳುವವರು ಇರುತ್ತಾರೆ. ಮಾಂಡೋವಿ, ದಿವಾರ್ ದ್ವೀಪ, ಚರ್ಚುಗಳ ನೆತ್ತಿ, ಎಲ್ಲವೂ ಒಂದೇ ನೋಟಕ್ಕೆ ಸಿಗುವ ಜಾಗ ಅದು. ಆದರೆ ಸ್ವಂತ ಗಾಡಿ ಬೇಕು. ಫೋಟೋದವರಿಗೆ, ಸಂಜೆ ಬಿಡುವಿದ್ದವರಿಗೆ ಮಾತ್ರ ಹೇಳುತ್ತೇನೆ.

ಯಾರಿಗೆ ಯಾವುದು

ಮೊಣಕಾಲು ನೋವಿನ ಹಿರಿಯರು ಇದ್ದರೆ ಬಾಮ್ ಜೀಸಸ್, ಸೆ, ಅಸಿಸಿ ಚರ್ಚ್ ಸಾಕು. ಮೂರೂ ಸಮತಟ್ಟು. ಗುಡ್ಡವನ್ನೂ ನೋಡಬೇಕು ಅಂದರೆ ಆಟೋದಲ್ಲಿ ಕರೆದುಕೊಂಡು ಹೋಗಿ, ಆಗಸ್ಟಿನ್ ಒಳಗೆ ನೆಲ ಏರುಪೇರು ಅನ್ನುವುದು ನೆನಪಿರಲಿ. ಅರ್ಧ ದಿನ ಇದ್ದರೆ ಮೊದಲು ಗುಡ್ಡ. ಬೆಳಿಗ್ಗೆ ಬಿಸಿಲು ಏರುವ ಮೊದಲು ಆಗಸ್ಟಿನ್, ರೋಸರಿ ಮುಗಿಸಿ, ಕೆಳಗಿಳಿದು ಬಾಮ್ ಜೀಸಸ್, ಮಧ್ಯಾಹ್ನದ ಬಿಸಿಲಿಗೆ ಮ್ಯೂಸಿಯಂ, ಕೊನೆಗೆ ಆದಿಲ್ ಶಾಹಿ ಬಾಗಿಲು. ಮಳೆಗಾಲದಲ್ಲಿ ಆಗಸ್ಟಿನ್‌ನ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಆದರೆ ಕೆಂಪುಕಲ್ಲು ನೆನೆದಾಗಿನ ಬಣ್ಣ ಬೇರೆ ಕಾಲದಲ್ಲಿ ಸಿಗುವುದಿಲ್ಲ. ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೋಗಿ.

ಮಂಗಳೂರು, ಉಡುಪಿ ಕಡೆಯ ಕೊಂಕಣಿ ಮನೆತನಗಳವರು ಇಲ್ಲಿಗೆ ಬಂದರೆ ನೋಟವೇ ಬೇರೆ. ಕ್ರೈಸ್ತರಿರಲಿ, ಸಾರಸ್ವತರಿರಲಿ, ಎಷ್ಟೋ ಮನೆತನಗಳ ಹಿರಿಯರು ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರು. 1560ರಿಂದ 1812ರವರೆಗೆ ನಡುವೆ ಕೆಲವು ವರ್ಷ ಬಿಟ್ಟರೆ ಇಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ (ಇನ್‌ಕ್ವಿಜಿಷನ್) ನಡೆಯಿತು, ಚರ್ಚಿನ ನಂಬಿಕೆಗೆ ವಿರುದ್ಧ ನಡೆದರು ಅನ್ನುವವರನ್ನು ಹಿಡಿದು ಶಿಕ್ಷಿಸುವ ನ್ಯಾಯಾಲಯ ಅದು. ಅದರ ಕಟ್ಟಡ ಇದ್ದದ್ದು ಸೆ ಕ್ಯಾಥೆಡ್ರಲ್ ಹತ್ತಿರದ ಚೌಕದಲ್ಲೇ. ಈಗ ಅಲ್ಲಿ ಕಟ್ಟಡ ಇಲ್ಲ. ಚಿನ್ನದ ಬಲಿಪೀಠಗಳನ್ನು ಮೆಚ್ಚಿಕೊಳ್ಳುವಾಗ ಇದನ್ನೂ ತಿಳಿದುಕೊಂಡು ನೋಡುವುದು ನ್ಯಾಯ, ಅಲ್ವಾ?

ಹೋಗುವ ದಾರಿ ಸುಲಭ. ಪಣಜಿಯಿಂದ 10 ಕಿಲೋಮೀಟರ್ ಒಳಗೇ, ಗೋವಾ ಸರ್ಕಾರದ ಕದಂಬ ಬಸ್ಸುಗಳು ಬೇಕಾದಷ್ಟಿವೆ. ಮಂಗಳೂರು, ಕಾರವಾರ ಕಡೆಯಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಕರಮಲಿ ಸ್ಟೇಷನ್ ಹತ್ತಿರ. ಹುಬ್ಬಳ್ಳಿಯಿಂದ ಅನಮೋಡ್ ಘಾಟಿಯಲ್ಲಿ ಕಾರಲ್ಲಿ ಬರುವವರು ದಾರಿ ಸ್ವಲ್ಪ ಬಳಸಿ ತಾಂಬ್ಡಿ ಸುರ್ಲಾದ ಮಹಾದೇವ ದೇವಸ್ಥಾನ ನೋಡಿಕೊಂಡು ಬನ್ನಿ, ಕದಂಬರ ಕಾಲದ ಕಪ್ಪುಕಲ್ಲಿನ ಕೆಲಸ ಅದು.

ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರನ್ನು ತಡವಾಗಿ ಒಳಗೆ ಬಿಡುತ್ತಾರೆ. ನವೆಂಬರ್ ಕೊನೆಯಿಂದ ಡಿಸೆಂಬರ್ 3ರ ಹಬ್ಬದವರೆಗೆ ಬಾಮ್ ಜೀಸಸ್ ಸುತ್ತ ಭಕ್ತರ ಭಾರೀ ಸಂದಣಿ. ಭಕ್ತಿಯಿಂದ ಹೋಗುವವರಿಗೆ ಅದೇ ಸರಿಯಾದ ಸಮಯ, ಕಟ್ಟಡ ನೋಡುವವರಿಗೆ ಅಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬೀಚಿನಿಂದ ನೇರವಾಗಿ ಬರುವವರು ಕಾರಲ್ಲಿ ಒಂದು ಶಾಲು ಇಟ್ಟುಕೊಂಡಿರಿ.